ಅತ್ತೆಗೊಂದು ಗುಂಡಿ ಫೋನು

ಕಾರ್ತಿಕದ ಕಡೆಯ ಸೋಮವಾರ ಬಂತೆಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡೂ ಬದಿಗೆ ಕಡಲೆಕಾಯಿಯ ರಾಶಿ, ಪೀಪಿಯ ಸದ್ದು, ಬತ್ತಾಸು, ಬಲೂನು. 2023ರ ಡಿಸೆಂಬರಿನಲ್ಲಿ ನಡೆದ ಪರಿಷೆಗೆ ಮಲ್ಲೇಶ್ವರದಿಂದ ಒಂದು ಸಂಸಾರ ಬಂದು ಬ್ಯೂಗಲ್ ರಾಕ್ ಉದ್ಯಾನದ ಗೇಟಿನ ಹತ್ತಿರ ಕಾಯುತ್ತ ನಿಂತಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪ್ಪ, ಅಮ್ಮ, ಮೊದಲ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದ ಮಗ. ಚಾಮರಾಜಪೇಟೆಯಿಂದ ಅಪ್ಪನ ಸೋದರತ್ತೆ ಆಟೋದಲ್ಲಿ ಬಂದು ಸೇರಬೇಕಾಗಿತ್ತು. ಹೇಳಿದ್ದು ಐದು ಗಂಟೆಗೆ. ಐದೂವರೆ ಆಯಿತು, ಆರಾಯಿತು. ಎಂಬತ್ತು ವರ್ಷದ ಆಕೆ ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ಬರುವವರೇ ಹೊರತು ತಡ ಮಾಡುವವರಲ್ಲ. ಸೋದರಳಿಯ ಫೋನು ಮಾಡಿದ. ಗಂಟೆ ಹೊಡೆಯಿತು, ಯಾರೂ ತೆಗೆಯಲಿಲ್ಲ. ಮತ್ತೆ ಮಾಡಿದ. ಗದ್ದಲದಲ್ಲಿ ಕೇಳಿಸುತ್ತಿಲ್ಲವೇನೋ ಎಂದುಕೊಂಡು ಮತ್ತೂ ಮಾಡಿದ.

ಅತ್ತೆ ಗದ್ದಲದಲ್ಲಿ ಇರಲಿಲ್ಲ. ತಮ್ಮ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಪಕ್ಕ, ಜಾರಿ ಬಿದ್ದು ಕೂತಿದ್ದರು. ಎಡಗಾಲು ಊರಲು ಆಗುತ್ತಿರಲಿಲ್ಲ. ಫೋನು ಮಾತ್ರ ಕೈಯಲ್ಲೇ ಇತ್ತು. ಅಳಿಯ ಹಿಂದಿನ ವರ್ಷ ಕೊಟ್ಟಿದ್ದ ಸ್ಮಾರ್ಟ್ ಫೋನು. ಅದು ಹೊಡೆದುಕೊಳ್ಳುತ್ತಿತ್ತು, ಅಳಿಯನ ಫೋಟೋ ಮೂಡುತ್ತಿತ್ತು, ಹಸಿರು ಚುಕ್ಕೆಯನ್ನು ಮೇಲಕ್ಕೆ ಸರಿಸು ಎನ್ನುತ್ತಿತ್ತು. ಅತ್ತೆ ಸರಿಸುತ್ತಿದ್ದರು. ಒದ್ದೆ ಬೆರಳು, ಗಾಜಿನ ಮೇಲೆ ನೀರಿನ ಹನಿ. ಚುಕ್ಕೆ ಸರಿಯಲಿಲ್ಲ. ಸೆರಗಿನಿಂದ ಒರೆಸಿದರೆ ಸೆರಗೂ ಒದ್ದೆ. ಹೀಗೆ ಆರು ಸಲ ಫೋನು ಕೈಯಲ್ಲೇ ಹೊಡೆದು ಕೈಯಲ್ಲೇ ನಿಂತುಹೋಯಿತು. ಕೊನೆಗೆ ಪಕ್ಕದ ಮನೆಯ ಹೆಂಗಸು, ‘ಇದೇನು ಇಷ್ಟು ಹೊತ್ತಿಂದ ಒಂದೇ ಸಮ ಹೊಡ್ಕೋತಿದೆ’ ಎಂದು ಗೋಡೆಯ ಮೇಲಿಂದ ಇಣುಕಿದ್ದರಿಂದ ವಿಷಯ ಗೊತ್ತಾಯಿತು. ಕಣಕಾಲಿನ ಮೂಳೆಯಲ್ಲಿ ಬಿರುಕು. ಆರು ವಾರ ಪಟ್ಟಿ.

ಮಲ್ಲೇಶ್ವರದ ಮನೆಯ ಮಹಡಿಯ ಕೋಣೆಯಲ್ಲಿ ಕಾಲು ಚಾಚಿ ಕೂತ ಅತ್ತೆ ಮಾಡಿದ ಮೊದಲ ಕೆಲಸ ಆ ಫೋನನ್ನು ಅಳಿಯನಿಗೆ ವಾಪಸು ಕೊಟ್ಟದ್ದು. ‘ನಿನ್ನ ಮುಖ ಕಾಣಿಸ್ತಿತ್ತು ಕಣೋ, ನಿನ್ನ ಮಾತಾಡ್ಸಕ್ಕೆ ಆಗ್ಲಿಲ್ಲ. ಇದು ಫೋನಲ್ಲ, ಫೋಟೋ’ ಎಂದರು.

ಈ ಮಾತನ್ನು ಬೇರೆ ಯಾವ ಮುದುಕಿ ಹೇಳಿದ್ದರೂ ಕಾಲಕ್ಕೆ ಹೊಂದಿಕೊಳ್ಳದವರ ಗೊಣಗಾಟ ಎಂದು ತಳ್ಳಿಹಾಕಬಹುದಿತ್ತು. ಆದರೆ ಈ ಅತ್ತೆ ಫೋನಿನ ವಿಷಯದಲ್ಲಿ ಸಾಮಾನ್ಯರಲ್ಲ. 1964ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ದೂರವಾಣಿನಗರದ ಐಟಿಐ ಕಾರ್ಖಾನೆ ಸೇರಿದವರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅದು. ಒಂದು ಕಾಲದಲ್ಲಿ ಈ ದೇಶದಲ್ಲಿ ಯಾರ ಮೇಜಿನ ಮೇಲೆ ಕಪ್ಪು ಫೋನಿದ್ದರೂ ಅದು ಬೆಂಗಳೂರಿನ ಹೆಣ್ಣುಮಕ್ಕಳ ಬೆರಳು ಸೋಕಿ ಹೋದದ್ದೇ ಇರಬೇಕು ಎಂದರೆ ಉತ್ಪ್ರೇಕ್ಷೆಯಲ್ಲ. ಅತ್ತೆ ಬೆಳಗಿನ ಜಾವ ಎದ್ದು, ಅಡುಗೆ ಮುಗಿಸಿ, ಬಸ್ಸು ಹಿಡಿದು ನಗರದ ಇನ್ನೊಂದು ತುದಿಗೆ ಹೋಗಿ ಡಯಲು ಜೋಡಿಸುತ್ತಿದ್ದರು. ಆಮೇಲೆ ಜೋಡಿಸಿದ್ದನ್ನು ಪರೀಕ್ಷೆ ಮಾಡುವ ವಿಭಾಗಕ್ಕೆ ಬಂದರು. ನಿವೃತ್ತಿಯಾಗುವ ತನಕ ಅಲ್ಲೇ. ಅಷ್ಟಾಗಿಯೂ ಅವರ ಸ್ವಂತ ಮನೆಗೆ ಫೋನು ಬಂದದ್ದು ಅರ್ಜಿ ಹಾಕಿ ಎಂಟು ವರ್ಷ ಕಾದ ಮೇಲೆ, ಎಂಬುದು ಬೇರೆ ಮಾತು. ಆ ಕಾಲದಲ್ಲಿ ಅದು ಯಾರಿಗೂ ಆಶ್ಚರ್ಯ ತರುತ್ತಿರಲಿಲ್ಲ. ಆ ಫೋನೂ 2021ರಲ್ಲಿ, ರಸ್ತೆ ಅಗೆದಾಗ ಸತ್ತುಹೋಗಿ, ಮತ್ತೆ ಏಳಲೇ ಇಲ್ಲ.

ಹಾಗೆ ನೋಡಿದರೆ ಈ ಊರಿಗೂ ಫೋನಿಗೂ ನಂಟು ಹಳೆಯದು. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ಅದೇ ಸಮಯದಲ್ಲಿ ಪ್ಲೇಗು ತಡೆಯುವ ಕೆಲಸವನ್ನು ಹೊಂದಿಸಿಕೊಳ್ಳಲು ಟೆಲಿಫೋನು ತಂತಿಗಳನ್ನೂ ಎಳೆದರು. ಹರಟೆಗಲ್ಲ, ಆಪತ್ತಿಗೆಂದು ಬಂದ ತಂತಿ ಅದು. ಅತ್ತೆ ಕೇಳುತ್ತಿದ್ದುದೂ ಅಂಥದ್ದೇ ಒಂದು ಸಾಧನ.

ಹುಡುಗನಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ‘ಅಜ್ಜಿ, ನೀನು ಸರಿಯಾಗಿ ಮುಟ್ತಿಲ್ಲ ಅಷ್ಟೆ. ಅಕ್ಷರ ದೊಡ್ಡದು ಮಾಡಿಕೊಡ್ತೀನಿ, ನಾಲ್ಕೇ ನಾಲ್ಕು ಚಿತ್ರ ಇಡ್ತೀನಿ’ ಎಂದ. ಮಾಡಿಯೂ ಕೊಟ್ಟ. ಅತ್ತೆ ಬೆರಳಿಟ್ಟರು. ಏನೂ ಆಗಲಿಲ್ಲ. ಒತ್ತಿ ಹಿಡಿದರು. ಚಿತ್ರ ಗಡಗಡ ನಡುಗಿ, ಅಳಿಸಲೇ ಎಂದು ಕೇಳಿತು. ಹುಡುಗ ನಕ್ಕ. ಅತ್ತೆ ನಗಲಿಲ್ಲ.

ಇಲ್ಲಿ ಹುಡುಗ ತನ್ನ ಪಾಠವನ್ನೇ ಮರೆತಿದ್ದ. ಮುಟ್ಟುವ ಪರದೆಯ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ವಾಹಕದ ಜಾಲರಿ ಇರುತ್ತದೆ. ಅದರ ಮೇಲೆ ಸ್ವಲ್ಪ ವಿದ್ಯುದಾವೇಶವನ್ನು ಹಿಡಿದಿಟ್ಟಿರುತ್ತಾರೆ. ಭೌತಶಾಸ್ತ್ರದ ಪುಸ್ತಕದಲ್ಲಿ ಬರುವ ಕೆಪಾಸಿಟರೇ ಅದು. ನಮ್ಮ ಬೆರಳಿನಲ್ಲಿ ನೀರೂ ಉಪ್ಪೂ ಇರುವುದರಿಂದ ಅದೂ ಒಂದು ವಾಹಕ. ಬೆರಳು ಹತ್ತಿರ ಬಂದಾಗ ಆ ಜಾಗದ ಕೆಪಾಸಿಟಿ ಬದಲಾಗುತ್ತದೆ, ಬದಲಾದ ಜಾಗವನ್ನು ಫೋನು ಲೆಕ್ಕ ಹಾಕುತ್ತದೆ. ಅಂದರೆ ಅದು ಒತ್ತಡವನ್ನು ಅಳೆಯುವುದೇ ಇಲ್ಲ. ವಯಸ್ಸಾದವರ ಚರ್ಮ ಒಣಗಿರುತ್ತದೆ, ಪಾತ್ರೆ ತಿಕ್ಕಿ ಬಟ್ಟೆ ಒಗೆದ ಬೆರಳತುದಿ ದಪ್ಪಗಟ್ಟಿರುತ್ತದೆ. ಬದಲಾವಣೆ ಅಷ್ಟಕ್ಕಷ್ಟೆ. ಒದ್ದೆಯಾದರೆ ಇನ್ನೊಂದು ತೊಂದರೆ, ನೀರಿನ ಹನಿಯನ್ನೂ ಬೆರಳೆಂದುಕೊಂಡು ಫೋನು ಗಲಿಬಿಲಿಗೊಳ್ಳುತ್ತದೆ. ಮೇಲಾಗಿ ಜೀವಮಾನವೆಲ್ಲ ಗುಂಡಿ ಒತ್ತಿದವರು ಗಟ್ಟಿಯಾಗಿ, ಒಂದು ಕ್ಷಣ ಹೆಚ್ಚೇ ಒತ್ತುತ್ತಾರೆ. ಫೋನಿಗೆ ಅದು ಬೇರೆಯೇ ಅಪ್ಪಣೆಯಾಗಿ ಕೇಳಿಸುತ್ತದೆ. ತಪ್ಪು ಅಜ್ಜಿಯದೆಂದು ತೀರ್ಮಾನಿಸುವ ಮೊದಲು ಇಷ್ಟನ್ನು ಯೋಚಿಸಬಹುದಾಗಿತ್ತು. ಅದೇ ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಹೋದಾಗಲೂ ಹೆಬ್ಬೆರಳು ಯಂತ್ರದಲ್ಲಿ ಮೂಡದೆ ಅತ್ತೆ ಮೂರು ಸಲ ತಿರುಗಿದ್ದರು.

ಕಾಲಿನ ಪಟ್ಟಿ ಬಿಚ್ಚುವ ಮೊದಲೇ ಅಳಿಯ ಫೋನು ಹುಡುಕಲು ಹೊರಟ. ಸಂಪಿಗೆ ರಸ್ತೆಯ ಅಂಗಡಿಯಲ್ಲಿ ವಿಷಯ ಹೇಳಿದಾಗ, ‘ಅಜ್ಜಿಗಾ ಸಾರ್? ಇದು ತಗೊಳ್ಳಿ, 50 ಮೆಗಾಪಿಕ್ಸೆಲ್ ಕ್ಯಾಮೆರಾ’ ಎಂದು ಅಂಗಡಿಯ ಹುಡುಗ ತೆಗೆದ. ಕೀಪ್ಯಾಡ್ ಸೆಟ್ಟು ಬೇಕು ಎಂದದ್ದಕ್ಕೆ, ಅಕ್ಕಿ ಅಂಗಡಿಯಲ್ಲಿ ನುಚ್ಚು ಕೇಳಿದವರನ್ನು ನೋಡುವ ಹಾಗೆ ನೋಡಿ ಒಳಗೆ ಹೋದವನು ಬರಲೇ ಇಲ್ಲ. ಗಾಂಧಿಬಜಾರಿನಲ್ಲಿ ಎರಡು ಅಂಗಡಿಯಾಯಿತು. ಒಂದರಲ್ಲಿ ಇದ್ದ ಫೋನಿನ ಗುಂಡಿಗಳು ಕಡಲೆಬೇಳೆಯಷ್ಟು. ಇನ್ನೊಂದರಲ್ಲಿ ಗುಂಡಿ ದೊಡ್ಡದಿತ್ತು, ಆದರೆ ಆನ್ ಮಾಡಿದರೆ ಅಂಗಡಿಯೆಲ್ಲ ತಿರುಗಿ ನೋಡುವಂತೆ ಸಿನಿಮಾ ಹಾಡು.

ಅಳಿಯನ ಮನಸ್ಸಿನಲ್ಲಿದ್ದದ್ದು ಬೇರೆ. ಅವನ ಮೊದಲ ಫೋನು ನೋಕಿಯಾ 1100. 2003ರಲ್ಲಿ ಬಂದ ಆ ಫೋನನ್ನು ಭಾರತದಂಥ ದೇಶಗಳಿಗೆಂದೇ ಮಾಡಿದ್ದರು. ಧೂಳು ಹೋಗದ ಗುಂಡಿ, ಬೆವರಿದ ಕೈಯಲ್ಲಿ ಜಾರದ ಬದಿ, ನೆತ್ತಿಯ ಮೇಲೊಂದು ಟಾರ್ಚು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಮಾಡಿದಾಗ. ಆಗ ಫೋನು ಮಾಡಿದರೂ ಹಣ, ಬಂದರೂ ಹಣ. ಬರುವ ಕರೆಗೆ ಕಾಸಿಲ್ಲ ಎಂದಾದದ್ದು 2003ರಲ್ಲೇ. ಆಟೋದವರು, ಹೂವಿನವರು, ಪೌರೋಹಿತ್ಯದವರು, ಎಲ್ಲರ ಜೇಬಿಗೂ ಫೋನು ಇಳಿದದ್ದು ಆ ನಂತರ. ಅಂಥ ಫೋನೇ ಅತ್ತೆಗೆ ಸರಿ ಎಂದು ಅಳಿಯ ಟೌನ್ ಹಾಲಿನ ಹತ್ತಿರ ಬಸ್ಸಿಳಿದು ಎಸ್.ಪಿ. ರೋಡಿಗೆ ನಡೆದ. ಅದೇ ಜಾತಿಯ, ಹೊಸದೇ ಆದ ಒಂದು ಫೋನು ಸಾವಿರದ ಮುನ್ನೂರಕ್ಕೆ ಸಿಕ್ಕಿತು. ಗೆದ್ದವನಂತೆ ಮನೆಗೆ ಬಂದ.

ಅತ್ತೆಯ ಸಿಮ್ಮು ಸ್ಮಾರ್ಟ್ ಫೋನಿನ ಪುಟ್ಟ ಸಿಮ್ಮು. ಅದಕ್ಕೆ ಪ್ಲಾಸ್ಟಿಕ್ ಚೌಕಟ್ಟು ಹಾಕಿ ದೊಡ್ಡದು ಮಾಡಿ ಕೂರಿಸಿದರು. ಫೋನು ಹೊತ್ತಿಕೊಂಡಿತು. ಸಿಗ್ನಲ್ಲಿನ ಕಡ್ಡಿ ಮಾತ್ರ ಒಂದೂ ಬರಲಿಲ್ಲ. ಮಹಡಿ ಹತ್ತಿಸಿದರು, ಕಿಟಕಿಗೆ ಹಿಡಿದರು. ಇಲ್ಲ.

ಕಾರಣ ಹುಡುಗ ಕಂಡುಹಿಡಿದ. ಅವನಿಗೆ ಸಲ್ಲಬೇಕಾದ ಕೀರ್ತಿ ಇದು. ಅಪ್ಪ ತಂದದ್ದು 2ಜಿ ಫೋನು. ಅತ್ತೆಯ ಸಿಮ್ಮು 2ಜಿ ಜಾಲವನ್ನೇ ಇಟ್ಟುಕೊಳ್ಳದೆ ನೇರವಾಗಿ 4ಜಿಯಿಂದ ವ್ಯವಹಾರ ತೊಡಗಿದ ಕಂಪನಿಯದು. ಮಾತನ್ನು ಹೊತ್ತೊಯ್ಯುವ ವಿಧಾನವೇ ಎರಡಕ್ಕೂ ಬೇರೆ. 2ಜಿಯಲ್ಲಿ ಮಾತಿಗೆಂದು ಹೊತ್ತನ್ನು ತುಂಡು ತುಂಡು ಮಾಡಿ ಪ್ರತಿಯೊಬ್ಬರಿಗೂ ಒಂದೊಂದು ತುಂಡು ಕಾದಿರಿಸುತ್ತಾರೆ. 4ಜಿಯಲ್ಲಿ ಮಾತನ್ನೂ ಕಾಗದ ಪತ್ರಗಳಂತೆ ಪೊಟ್ಟಣ ಕಟ್ಟಿ, ವಿಳಾಸ ಬರೆದು ಕಳಿಸುತ್ತಾರೆ. ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಗುಂಡಿ ಇರುವ ಫೋನೆಲ್ಲ ಒಂದೇ ಎಂದುಕೊಂಡು ಅಂಗಡಿಗೆ ಹೋಗುವವರು ಈ ಒಂದು ಪ್ರಶ್ನೆಯನ್ನು ಮರೆಯಬಾರದು: ಪೆಟ್ಟಿಗೆಯ ಮೇಲೆ 4ಜಿ ಎಂದಿದೆಯೇ, ವೋಲ್ಟಿ ಎಂದಿದೆಯೇ? ಹಾಗಿರುವ ಕೀಪ್ಯಾಡ್ ಸೆಟ್ಟುಗಳೂ ಎರಡು ಸಾವಿರದೊಳಗೇ ಸಿಗುತ್ತವೆ. ಅಂಗಡಿಯವನು ಕೇಳಿರಲಿಲ್ಲ, ಅಳಿಯ ಹೇಳಿರಲಿಲ್ಲ. ಮರುದಿನ ಅಳಿಯ ಮತ್ತೆ ಹೋಗಿ ಅಂಥದ್ದೊಂದನ್ನು ತಂದ. ಮೊದಲನೆಯದನ್ನು ವಾರದೊಳಗೆ ಬೇಕಾದರೆ ಹಿಂದಕ್ಕೆ ತಗೊಳ್ಳುತ್ತೇನೆ ಎಂದು ಅಂಗಡಿಯವನು ಹೇಳಿದ್ದರಿಂದ ಈಗ ಮನೆಯಲ್ಲಿ ಎರಡು ಫೋನು. ಬೇಕಾದರೆ ಸಿಮ್ಮನ್ನೇ ಬದಲಾಯಿಸಬಹುದು, ಯಾವುದು ವಾಸಿ?

‘ಎರಡೂ ಇಲ್ಲಿ ಕೊಡು’ ಎಂದರು ಅತ್ತೆ.

ಆಮೇಲೆ ನಡೆದದ್ದನ್ನು ಆ ಹುಡುಗ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಹೇಳಿದನೋ ಲೆಕ್ಕವಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು, ಮಡಿಲ ಮೇಲೆ ಹಳೆಯ ನ್ಯೂಸ್‌ಪೇಪರು ಹಾಸಿಕೊಂಡರು. ಮೊದಲು ಕಣ್ಣು ಮುಚ್ಚಿ ಐದರ ಗುಂಡಿಯನ್ನು ಹುಡುಕಿದರು. ಐದರ ಮೇಲೆ ಸಣ್ಣ ಉಬ್ಬು ಇರಬೇಕು, ಅದು ಸಿಕ್ಕರೆ ಉಳಿದ ಎಂಟೂ ತಾವೇ ಸಿಗುತ್ತವೆ. ಒಂದರಲ್ಲಿ ಉಬ್ಬು ಇತ್ತು, ಇನ್ನೊಂದರಲ್ಲಿ ಇದ್ದೂ ಇಲ್ಲದಂತಿತ್ತು. ಪ್ರತಿ ಗುಂಡಿಯನ್ನೂ ಹತ್ತು ಸಲ ಒತ್ತಿದರು. ‘ಒತ್ತಿದ್ದು ಬೆರಳಿಗೆ ಗೊತ್ತಾಗ್ಬೇಕು, ಕಣ್ಣಿಗಲ್ಲ’ ಎಂದರು. ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಮುಟ್ಟುವ ಹಿತ್ತಾಳೆ ಬಣ್ಣದ ಎಲೆಗಳನ್ನು ಉಗುರಿನಿಂದ ಮೆಲ್ಲಗೆ ಅದುಮಿ, ಎದ್ದು ಬರುತ್ತವೆಯೇ ನೋಡಿದರು. ಒದ್ದೆ ಕೈಯಲ್ಲಿ ಒತ್ತಿದರು. ಕೊನೆಗೆ, ಯಾರೂ ತಡೆಯುವ ಮೊದಲೇ, ಎರಡನ್ನೂ ಮೊಳದೆತ್ತರದಿಂದ ಚಾಪೆಯ ಮೇಲೆ ಬೀಳಿಸಿದರು. ಅಳಿಯ ಹೌಹಾರಿದ. ‘ಬೀಳದೇ ಇರತ್ತೇನೋ? ನಾನೇ ಬಿದ್ದೆ’ ಎಂದರು.

ಮಾತಿನ ಪರೀಕ್ಷೆ ಕೊನೆಯದು. ಹುಡುಗ ತನ್ನ ಫೋನು ಹಿಡಿದು ಎದುರು ಮನೆಯ ಕಾಂಪೌಂಡಿನಾಚೆ ನಿಂತ. 2ಜಿ ಫೋನಿಗೆ ಅಪ್ಪನ ಸಿಮ್ಮು ಹಾಕಿದ್ದಾಯಿತು. ‘ಹಲೋ ಅಜ್ಜಿ, ಊಟ ಆಯ್ತಾ?’ ಎಂದ.

‘ಅದೆಲ್ಲ ಬೇಡ. ಗೊತ್ತಿರೋ ಮಾತು ಹೇಳಿದ್ರೆ ಅರ್ಧ ಕೇಳಿಸಿದ್ರೂ ಮಿಕ್ಕಿದ್ದನ್ನ ತಲೆ ತುಂಬ್ಕೊಳ್ಳತ್ತೆ. ಅರ್ಥ ಇಲ್ಲದ್ದು ಹೇಳು.’

ಹುಡುಗನಿಗೆ ಆಶ್ಚರ್ಯವಾಯಿತು. ಟೆಲಿಫೋನಿನ ಎಂಜಿನಿಯರುಗಳು ಮಾತಿನ ಸ್ಪಷ್ಟತೆಯನ್ನು ಅಳೆಯಲು ಬಹಳ ಹಿಂದಿನಿಂದಲೂ ಬಳಸುವುದು ಅರ್ಥವಿಲ್ಲದ ಉಚ್ಚಾರಗಳನ್ನೇ. ಅವನು ‘ಸಫ, ತಶ, ಪಿಸ, ಖಥ’ ಎಂದು ಬಾಯಿಗೆ ಬಂದದ್ದನ್ನು ಬರೆದುಕೊಂಡು ಇಪ್ಪತ್ತನ್ನು ಹೇಳಿದ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಅತ್ತೆ ಕೇಳಿಸಿದ್ದನ್ನು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡರು. 2ಜಿಯಲ್ಲಿ ಇಪ್ಪತ್ತಕ್ಕೆ ಹನ್ನೊಂದು ಸರಿಯಾಯಿತು. 4ಜಿ ಫೋನಿನಲ್ಲಿ, ಬೇರೆ ಇಪ್ಪತ್ತಕ್ಕೆ, ಹದಿನಾರು. ‘ಹದಿನೆಂಟು ಹಾಕು. ಎರಡು ನೀನೇ ತಪ್ಪು ಹೇಳಿದ್ದು, ಶಕಾರ ಸಕಾರ ಒಂದೇ ಮಾಡ್ತೀಯ’ ಎಂದರು.

ವ್ಯತ್ಯಾಸ ಅಜ್ಜಿಯ ಕಲ್ಪನೆಯಲ್ಲ. ಹಳೆಯ ಟೆಲಿಫೋನು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ನಡುವಿನ ಧ್ವನಿಯನ್ನಷ್ಟೇ ದಾಟಿಸುತ್ತಿತ್ತು. 2ಜಿ ಮೊಬೈಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಸ್ವರಗಳಿಗೆ ಅದು ಸಾಕು. ಸ, ಶ, ಫ ಮೊದಲಾದ ಊದಿ ಹೇಳುವ ವ್ಯಂಜನಗಳ ಸಾರ ಇರುವುದು ಅದಕ್ಕಿಂತ ಮೇಲೆ. 4ಜಿಯಲ್ಲಿ ಎರಡೂ ಕಡೆ ತಕ್ಕ ಫೋನಿದ್ದರೆ ಸುಮಾರು 7000 ಕಂಪನಗಳವರೆಗೆ ಧ್ವನಿ ಸಾಗುತ್ತದೆ. ಮುಪ್ಪಿನಲ್ಲಿ ಮೊದಲು ಸವೆಯುವುದು ಒಳಗಿವಿಯ ಬಸವನಹುಳುವಿನಂಥ ಸುರುಳಿಯಲ್ಲಿ ಎತ್ತರದ ಧ್ವನಿಯನ್ನು ಹಿಡಿಯುವ ಕೋಶಗಳು. ಅಜ್ಜ ಅಜ್ಜಿಯರು ‘ಕೇಳಿಸತ್ತೆ, ಆದರೆ ತಿಳಿಯಲ್ಲ’ ಎನ್ನುವುದು ಇದಕ್ಕೇ. ಇರುವಷ್ಟು ಕಿವಿಗೆ ಫೋನೂ ಮೇಲಿನದನ್ನು ಕತ್ತರಿಸಿ ಕೊಟ್ಟರೆ ಉಳಿಯುವುದೇನು? ನಾವು ಸುಮ್ಮನೆ ಇನ್ನಷ್ಟು ಜೋರಾಗಿ ಕೂಗುತ್ತೇವೆ.

4ಜಿ ಗುಂಡಿ ಫೋನು ಉಳಿಯಿತು. ಇನ್ನೊಂದು ಅಂಗಡಿಗೆ ಹೋಯಿತು.

ಇಷ್ಟಾದರೂ ಅದು ಪರಿಪೂರ್ಣವೇನಲ್ಲ. ಕನ್ನಡ ಇದೆ ಎಂದು ಪೆಟ್ಟಿಗೆಯ ಮೇಲಿತ್ತು, ಇತ್ತು ಕೂಡ. ಆದರೆ ಒತ್ತಕ್ಷರಗಳು ತಂತಮ್ಮ ಅಕ್ಷರದ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದು ನಿಂತಿದ್ದವು. ಅತ್ತೆ ಆ ಹೆಸರುಗಳನ್ನು ಓದುವ ಗೋಜಿಗೇ ಹೋಗಲಿಲ್ಲ. ಎರಡನ್ನು ಒತ್ತಿ ಹಿಡಿದರೆ ಅಳಿಯ, ಮೂರಕ್ಕೆ ಹುಡುಗ, ನಾಲ್ಕಕ್ಕೆ ಪಕ್ಕದ ಮನೆ. ಅಷ್ಟನ್ನು ಹೊಂದಿಸಿದ್ದು ಹುಡುಗ. 2017ರಿಂದ ನಮ್ಮಲ್ಲಿ ಮಾರುವ ಗುಂಡಿ ಫೋನುಗಳಲ್ಲಿ ಐದು ಅಥವಾ ಒಂಬತ್ತನ್ನು ಒತ್ತಿ ಹಿಡಿದರೆ ಆಪತ್ಕರೆ ಹೋಗಬೇಕೆಂಬ ನಿಯಮವಿದೆ. ಅದನ್ನೂ ಹೇಳಿಕೊಟ್ಟ. ‘ಹಾಗಾದ್ರೆ ಐದನ್ನ ನಾನು ಸುಮ್ಸುಮ್ನೆ ಸವರ್ತಾ ಕೂರಬಾರ್ದು’ ಎಂದು ಅತ್ತೆ ತಾವೇ ಎಚ್ಚರಿಕೆ ಹೇಳಿಕೊಂಡರು. ಸೊಸೆಯಂತೆ ನೋಡಿಕೊಂಡ ಅಳಿಯನ ಹೆಂಡತಿ ಫೋನಿಗೊಂದು ಬಟ್ಟೆಯ ಚೀಲ ಹೊಲಿದು ದಾರ ಕಟ್ಟಿದಳು. ಕೊರಳಿಗೆ ಹಾಕಿಕೊಂಡರೆ ಹಿತ್ತಲಿಗೂ ಬರುತ್ತದೆ.

ಫೆಬ್ರವರಿಯಲ್ಲಿ ಅತ್ತೆ ಚಾಮರಾಜಪೇಟೆಗೆ ಹಿಂದಿರುಗಿದರು. ಇಲ್ಲೇ ಇದ್ದುಬಿಡಿ ಎಂದು ಎಲ್ಲರೂ ಹೇಳಿದರು, ಅವರು ಕೇಳಲಿಲ್ಲ. ಒಂದೇ ಕರಾರಿಗೆ ಒಪ್ಪಿದರು: ದಿನಾ ಸಂಜೆ ಏಳಕ್ಕೆ ಫೋನು ಮಾಡುವುದು. ಮೊದಲ ದಿನ ಸರಿಯಾಗಿ ಏಳಕ್ಕೆ ಹೊಡೆಯಿತು. ‘ಚೆನ್ನಾಗಿದೀನಿ. ದೀಪ ಹಚ್ಚಾಯ್ತು. ಇಡ್ತೀನಿ.’ ಹದಿನಾಲ್ಕು ಸೆಕೆಂಡು. ಮರುದಿನ ಹನ್ನೊಂದು.

‘ಅತ್ತೆ, ಈಗ ಮಾತಿಗೆ ಕಾಸಿಲ್ಲ. ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ’ ಎಂದ ಅಳಿಯ.

‘ಕಾಸಿಲ್ದೇ ಇದ್ರೇನು? ಲೈನ್ ಯಾಕೆ ಹಿಡ್ಕೊಂಡಿರ್ಬೇಕು, ಇನ್ಯಾರಿಗೋ ಬೇಕಾಗಿರತ್ತೆ’ ಎಂದು ಇಟ್ಟರು.

ಹುಡುಗ ಈಗ ಭಾನುವಾರ ಚಾಮರಾಜಪೇಟೆಗೆ ಹೋಗುತ್ತಾನೆ. ಅಲ್ಲಿ ಬೀರುವಿನ ಮೇಲೆ ಒಂದು ಕಪ್ಪು ಫೋನಿದೆ. ನಿವೃತ್ತಿಯಾದ ಮೇಲೆ ಅತ್ತೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ, ‘ನಮ್ಮ ಕಾರ್ಖಾನೇದು ಬೀದೀಲಿ ಬಿದ್ದಿದೆಯಲ್ಲ’ ಎಂದು ಚೌಕಾಸಿ ಮಾಡದೆ ಕೊಂಡದ್ದು. ಹೋದ ಸಲ ಅದನ್ನು ಇಳಿಸಿ ಬಿಚ್ಚಿದರು. ಡಯಲಿನ ಹಿಂದೆ ಒಂದು ಸ್ಪ್ರಿಂಗು, ಹಲ್ಲಿನ ಚಕ್ರ, ವೇಗವನ್ನು ಹಿಡಿತದಲ್ಲಿಡುವ ಪುಟ್ಟ ಗವರ್ನರು. ಬೆರಳು ತೆಗೆದ ಮೇಲೆ ಡಯಲು ತಾನೇ ಹಿಂದಿರುಗುವಾಗ ತಂತಿಯ ವಿದ್ಯುತ್ತು ಕಡಿದು ಕಡಿದು ಸಾಗುತ್ತದೆ. ಎಷ್ಟು ಸಲ ಕಡಿಯಿತೋ ಅದೇ ಅಂಕಿ. ಸೆಕೆಂಡಿಗೆ ಹತ್ತು ಸಲ, ಹೆಚ್ಚಾಗಬಾರದು, ಕಡಿಮೆಯಾಗಬಾರದು. ಸೊನ್ನೆ ಒಂಬತ್ತರ ಆಚೆ ಯಾಕಿದೆ ಎಂದು ಹುಡುಗ ಕೇಳಿದ.

‘ನೀನೇ ತಿರುಗಿಸಿ ನೋಡು. ಕಿವಿ ಹತ್ರ ಇಟ್ಕೊಂಡು ಎಣಿಸು.’

ಹುಡುಗ ಸೊನ್ನೆಗೆ ಬೆರಳಿಟ್ಟು ಪೂರ್ತಿ ಎಳೆದು ಬಿಟ್ಟ. ಡಯಲು ಟಕಟಕ ಎಂದು ಹಿಂದಕ್ಕೆ ಬಂತು.

‘ಒಂಬತ್ತು’ ಎಂದ.

‘ಇನ್ನೊಂದ್ಸಲ ಎಣಿಸು’ ಎಂದರು ಅತ್ತೆ.